ಹೊಂಡದ ಮೇಲಿನ ಹೊಲ

ಈ ವಾರ ನಿಮಗೊಂದು ಖುಷಿಯ ಬರಹ ಓದಿಸಬೇಕು ಅಂತಿದ್ದೆ. ತಲೆಬರಹ ಕೂಡ ಬರೆದಿಟ್ಟಾಗಿತ್ತು. ಫೋಟೋ ತೆಗೆಯೋದಕ್ಕೆ ಮೊಬೈಲಿನಲ್ಲಿ ಜಾಗ ಖಾಲಿ ಮಾಡಿಕೊಂಡಿದ್ದೆ.

ಭಾನುವಾರ ಮುಂಜಾನೆ ಕಿಣ್ಣಿ ಸುಲ್ತಾನದಲ್ಲಿ ಮಹಾನಂದಾಳ ಹೊಂಡಕ್ಕೆ ಬಲೆ ಬೀಳುವುದಿತ್ತು. ಮೀನು ಮುಟ್ಟದ ಮನೆಯ ಸೊಸೆ. ಮೂರು ವರ್ಷ ಗುದ್ದಾಡಿ ಬೆಳೆಸಿದ ಮೀನು. ಅಂಕಣ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ?

ಶನಿವಾರ ಮುಂಜಾನೆ ಆರೂವರೆಗೆ ಅವಳ ಫೋನು ಬಂತು.

"ಸರ್, ಮೀನೆಲ್ಲ ಮ್ಯಾಲ ಬಂದು ಬಾಯಿ ತೆರಿಯಾಕತ್ತಾವ್ರಿ. ಜಲ್ದಿ ಬರ್ರಿ."

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕಲಿಸಿದ್ದು ಸಮಾಜ ವಿಜ್ಞಾನ. ಬಾಯಿ ತೆರೆದ ಮೀನಿಗೆ ನಾನೇನು ಮಾಡಲಿ? ಆದರೆ ಅಂಥ ಹೊತ್ತಿನಲ್ಲಿ ಮನುಷ್ಯರು ಯೋಚಿಸಿ ಫೋನ್ ಮಾಡುವುದಿಲ್ಲ. ಕೈಗೆ ಸಿಕ್ಕ ನಂಬರಿಗೆಲ್ಲ ಮಾಡುತ್ತಾರೆ. ನಾನು ಚಹಾ ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತಿದೆ.

ಮೊದಲು ಮಹಾನಂದಾ ಯಾರು ಅಂತ ಹೇಳಿಬಿಡುತ್ತೇನೆ. ನಾನಿರುವುದು ಆಳಂದದಲ್ಲಿ. ಅಪ್ಪನ ಕಾಲದ ನಾಲ್ಕೆಕರೆ ಹೊಲ ಇರುವುದು ಕಿಣ್ಣಿ ಸುಲ್ತಾನದಲ್ಲಿ. ಅದನ್ನು ಶಿವಶರಣಪ್ಪ ಅನ್ನುವವರು ಪಾಲಿಗೆ ಮಾಡುತ್ತಾರೆ. ನನ್ನ ಹೊಲ ಏರಿನ ಮೇಲಿದೆ. ಅದರ ಬದುವಿಗೆ ಹೊಂದಿಕೊಂಡು, ಇಳಿಜಾರಿನಲ್ಲಿ, ಮಹಾನಂದಾಳ ಗಂಡ ಸಿದ್ಧಾರಾಮನ ಹೊಲ. ಎರಡರ ನಡುವೆ ಒಂದು ಸಣ್ಣ ಕಾಲುವೆ. ಅದು ಹೋಗಿ ಸೇರುವುದು ಅವರ ಕೃಷಿ ಹೊಂಡಕ್ಕೆ.

ಹೊಂಡ ತೋಡಿಸಿದ್ದು ಮೀನಿಗಲ್ಲ. ತೊಗರಿ ಹೂವಿಗೆ ಬಂದಾಗ ಮಳೆ ಕೈಕೊಟ್ಟರೆ ಒಂದು ಸಲ ನೀರು ಹಾಯಿಸಲಿಕ್ಕೆ. ಕರಿಮಣ್ಣು. ನೀರು ಇಂಗುವುದು ನಿಧಾನ. ಹೊಂಡ ತುಂಬಿ ಸುಮ್ಮನೆ ನಿಂತಿರುತ್ತಿತ್ತು.

ಮಹಾನಂದಾ ತನ್ನ ಸಂಘದ ಹೆಣ್ಣುಮಕ್ಕಳ ಜೊತೆ ಒಂದು ಸಲ ಜೇವರ್ಗಿ ಕಡೆಯ ಇಜೇರಿಗೆ ಹೋಗಿದ್ದಳು. ಹೊಲಿಗೆ ತರಬೇತಿ ನೋಡಲಿಕ್ಕೆ. ಅಲ್ಲಿ ಯಾರದೋ ಹೊಲದ ಹೊಂಡದಲ್ಲಿ ಹೆಂಗಸರು ಬಲೆ ಎಳೆಯುತ್ತಿದ್ದರಂತೆ.

"ಬಲಿ ಮ್ಯಾಲ ಬಂತು ನೋಡ್ರಿ ಸರ್, ಎಲ್ಲಾ ಬೆಳ್ಳಗ, ಜಿಗಿಯಾಕತ್ತಿದ್ವು. ನಾ ಟೆಂಪೋದಾಗ ವಾಪಸ್ ಬರೂತನಾ ಒಂದೂ ಮಾತಾಡ್ಲಿಲ್ಲ. ನಮ್ಮ ಹೊಂಡ ಖಾಲಿ ಯಾಕ ಅದ ಅಂತ ಅದೇ ವಿಚಾರ."

ಖಾಲಿ ಯಾಕೆ ಇದೆ ಅನ್ನುವುದಕ್ಕೆ ಅವಳ ಮನೆಯಲ್ಲಿ ಉತ್ತರ ಇತ್ತು. ಅತ್ತೆ ಗುರುಬಾಯಮ್ಮ. ಲಿಂಗಪೂಜೆ ಆಗದೆ ನೀರು ಮುಟ್ಟದ ಜೀವ. ಆ ಮನೆಯಲ್ಲಿ ಮೊಟ್ಟೆ ಅನ್ನುವ ಪದವನ್ನೂ ದನಿ ಇಳಿಸಿ ಹೇಳುತ್ತಾರೆ. ಸೊಸೆ ಮೀನು ಸಾಕುತ್ತೇನೆ ಅಂದಾಗ ಗುರುಬಾಯಮ್ಮ ಎರಡು ದಿನ ಊಟ ಬಿಟ್ಟಿದ್ದರು.

ಮಹಾನಂದಾಳೂ ಎರಡು ದಿನ ಊಟ ಬಿಟ್ಟಳು.

(ನಡುವೆ ಸಿಕ್ಕಿಬಿದ್ದ ಸಿದ್ಧಾರಾಮ ಎರಡೂ ದಿನ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಉಂಡನಂತೆ.)

ಮೂರನೇ ದಿನ ರಾಜಿ ಆಯಿತು. ಗುರುಬಾಯಮ್ಮನ ಷರತ್ತುಗಳು ಸ್ಪಷ್ಟ. ಮೀನಿನ ಕೆಲಸಕ್ಕೆ ಬೇರೆ ಸೀರೆ. ಹೊಲದಲ್ಲೇ ಸ್ನಾನ ಮಾಡಿ ಸೀರೆ ಬದಲಿಸಿಕೊಂಡೇ ಮನೆಗೆ ಬರಬೇಕು. ಆ ಕೈಯಿಂದ ಪೂಜೆಯ ತಟ್ಟೆ ಮುಟ್ಟುವಂತಿಲ್ಲ. ಮೀನಿನ ಮಾತು ಅಡುಗೆಮನೆಯಲ್ಲಿ ಆಡುವಂತಿಲ್ಲ. ಮೂರು ವರ್ಷ ಮಹಾನಂದಾ ಇದನ್ನು ಒಂದು ದಿನವೂ ತಪ್ಪಿಸಲಿಲ್ಲ. ಪಂಪ್‌ಶೆಡ್ಡಿನ ಗೂಟಕ್ಕೆ ಅವಳ ಹಸಿರು ಸೀರೆ ಸದಾ ನೇತಾಡುತ್ತಿತ್ತು. ಡಿಸೆಂಬರಿನ ಚಳಿಯಲ್ಲೂ ಬೋರಿನ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಅನ್ನಿಸುತ್ತ ಮನೆಗೆ ಹೋಗುವುದನ್ನು ನಾನೇ ಕಂಡಿದ್ದೇನೆ.

ಮೊದಲನೇ ವರ್ಷ ಮೀನಿನ ಮರಿ ಬಿಟ್ಟಳು. ಭಾದ್ರಪದದಲ್ಲಿ ಒಂದು ಸಂಜೆ ಮಳೆ ಜೋರಾಗಿ ಹೊಡೆಯಿತು. ಹೊಂಡ ಉಕ್ಕಿ ಹರಿಯಿತು. ಕೋಡಿಗೆ ಬಲೆ ಕಟ್ಟಬೇಕು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಮೀನು ಹಳ್ಳ ಸೇರಿದವು. ಮರುದಿನ ಊರವರು ಬುಟ್ಟಿ ಹಿಡಿದು ಹಳ್ಳಕ್ಕಿಳಿದರು.

ಎರಡನೇ ವರ್ಷ ಕೋಡಿಗೆ ಬಲೆ ಕಟ್ಟಿದಳು. ಮೀನು ಉಳಿದವು. ಬೇಸಿಗೆ ಬಂತು. (ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಬೇಸಿಗೆ ಎಂಥದ್ದು ಅಂತ ನಿಮಗೆ ನಾನು ಹೇಳಬೇಕೇ?) ನೀರು ಮೊಣಕಾಲಿಗೆ ಇಳಿಯಿತು. ಮಧ್ಯಾಹ್ನ ಕೈ ಇಟ್ಟರೆ ಬೆಚ್ಚಗೆ. ಬೆಳ್ಳಕ್ಕಿಗಳು ಏರಿಯ ಮೇಲೆ ಪಂಕ್ತಿಗೆ ಕೂತಂತೆ ಕೂತವು. ಮೇ ಮುಗಿಯುವ ಹೊತ್ತಿಗೆ ಹೊಂಡದಲ್ಲಿ ಬರೀ ಕೆಸರು.

ಆಗ ಗುರುಬಾಯಮ್ಮ ಸೊಸೆಯನ್ನು ಕೂಡಿಸಿಕೊಂಡು ಹೇಳಿದರಂತೆ. "ಇನ್ನೊಂದು ವರ್ಷ ಬೇ. ಅದೂ ಆಗ್ಲಿಲ್ಲಂದ್ರ ಹೊಂಡ ಮುಚ್ಚಿಸೋದು. ನಾ ಎರಡನೇ ಸಲ ಹೇಳಾಂಗಿಲ್ಲ."

ಈ ಮೂರನೇ ಸಲ ಮಹಾನಂದಾ ಪರೀಕ್ಷೆಗೆ ಕೂತವಳ ಹಾಗೆ ಕೂತಳು. ಅಫಜಲಪುರದ ಬಷೀರ್ ಮಾಸ್ತರರ ಬೆನ್ನು ಬಿದ್ದಳು. ಇವರು ಶಾಲೆಯ ಮಾಸ್ತರರಲ್ಲ. ಮೀನಿನ ಮರಿ ತಂದು ಕೊಡುವವರು. ಭೀಮಾ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದವರು. ಬೈಕಿನ ಹಿಂದೆ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ಕಟ್ಟಿಕೊಂಡು ಮೂರೂ ತಾಲ್ಲೂಕಿನ ಹೊಂಡ ಸುತ್ತುತ್ತಾರೆ. ಕೇಳಿದವರಿಗೆ ಬುದ್ಧಿ ಹೇಳುತ್ತಾರೆ. ಅದಕ್ಕೇ ಮಾಸ್ತರ್.

ಅವರು ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಸುಣ್ಣ ಹಾಕು ಅಂದಾಗ ಸುಣ್ಣ. ಶೇಂಗಾ ಹಿಂಡಿ, ಅಕ್ಕಿ ತೌಡು ಕಲಸಿ ಉಂಡೆ ಮಾಡಿ, ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ. ಹಕ್ಕಿಗೆ ಹೊಂಡದ ಮೇಲೆ ದಾರ ಎಳೆದಳು. ಬೇಸಿಗೆಯಿಡೀ ಬೆರಳು ಗಾತ್ರ ಬರುವ ಬೋರಿನ ನೀರನ್ನೇ ಬಿಟ್ಟು ಬಿಟ್ಟು ಮೀನನ್ನು ದಾಟಿಸಿದಳು. ದಿನಾ ಮುಂಜಾನೆ ನೀರಿಗೆ ಮೊಣಕೈತನಕ ಕೈ ಇಳಿಸಿ ನೋಡುವಳು. ಅಂಗೈ ಮಸುಕಾಗಿ ಕಂಡರೆ ನೀರು ಸರಿ ಇದೆ. ಕಾಣದೇ ಹೋದರೆ ಪಾಚಿ ಹೆಚ್ಚಾಗಿದೆ, ಮೇವು ಕಡಿಮೆ ಮಾಡಬೇಕು. ಅವಳ ಲ್ಯಾಬೊರೇಟರಿ ಅಷ್ಟೇ. ಅವಳ ಕೈ.

ದಸರಾ ಮುಗಿದ ಮೇಲೆ ಮಾಸ್ತರರು ಬಂದು ಒಂದು ಸಲ ಬಲೆ ಬೀಸಿ ನೋಡಿದರು. ನಾನೂ ಇದ್ದೆ. ಒಂದು ಕಟ್ಲಾ ಮೀನು ಬಂತು. ಮಹಾನಂದಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅದು ಬಾಲ ಬಡಿದು ಅವಳ ಮುಖಕ್ಕೆಲ್ಲ ನೀರು ಸಿಡಿಸಿತು. ಅವಳು ಒರೆಸಿಕೊಳ್ಳಲಿಲ್ಲ.

"ಇದರ ರುಚಿ ಹೆಂಗ ಇರ್ತದ್ರಿ ಸರ್?" ಅಂತ ಕೇಳಿದಳು.

"ನನಗೇನು ಗೊತ್ತವ್ವ" ಅಂದೆ. (ಹಾಸ್ಟೆಲ್ ದಿನಗಳ ವಿಷಯ ಇಲ್ಲಿ ಬೇಡ.)

ಅದನ್ನು ಮತ್ತೆ ನೀರಿಗೆ ಬಿಟ್ಟಳು. ಭಾನುವಾರ ಬಲೆ ಅಂತ ನಿಕ್ಕಿ ಆಯಿತು. ಅಫಜಲಪುರದ ವ್ಯಾಪಾರಿಯೊಬ್ಬ ಐಸ್ ಹಾಕಿಕೊಂಡು ಗಾಡಿ ತರುವುದು ಅಂತಲೂ ಆಯಿತು.

ಇಷ್ಟೆಲ್ಲ ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊಲದ ಬೆಳೆ ಕೆಡುತ್ತಿದ್ದರೆ ನಮಗೆ ಕಾಣುತ್ತದೆ. ಎಲೆ ಹಳದಿ ಆಗುತ್ತದೆ. ಎಮ್ಮೆ ಮೇವು ಬಿಟ್ಟರೆ ಗೊತ್ತಾಗುತ್ತದೆ, ಯಾರನ್ನೋ ಕರೆಸುತ್ತೇವೆ. ನೀರೊಳಗಿನ ಬೆಳೆ ಹಾಗಲ್ಲ. ಅದು ಕಾಣುವುದೇ ಮೇಲೆ ಬಂದಾಗ. ಮೇಲೆ ಬಂತು ಅಂದರೆ ಹೊತ್ತು ಮೀರಿದೆ ಅಂತ ಅರ್ಥ.

ಶನಿವಾರ ನಾನು ಹೊಂಡ ಮುಟ್ಟುವಾಗ ಏಳೂವರೆ ದಾಟಿತ್ತು. ಮೋಡ. ಸೂರ್ಯನ ಪತ್ತೆ ಇಲ್ಲ. ಮಹಾನಂದಾ ಹಸಿರು ಸೀರೆಯಲ್ಲಿ ಸೊಂಟದ ಮಟ ನೀರಿನಲ್ಲಿದ್ದಳು. ಕೈಯಲ್ಲಿ ಬೇವಿನ ಟೊಂಗೆ. ಅದರಿಂದ ನೀರನ್ನು ಬಡಿಯುತ್ತಿದ್ದಳು. ಸಿದ್ಧಾರಾಮ ಡೀಸೆಲ್ ಪಂಪು ಹಚ್ಚಿ ಹೊಂಡದ ನೀರನ್ನೇ ಎತ್ತಿ ಮೇಲಿಂದ ಬೀಳಿಸುತ್ತಿದ್ದ. ಫೋನಿನಲ್ಲಿ ಬಷೀರ್ ಮಾಸ್ತರರು ಹಾಗೆ ಮಾಡಲು ಹೇಳಿದ್ದರಂತೆ. ನೀರಿಗೆ ಹವಾ ಸೇರಬೇಕು. ಅವರು ಅಂದು ಮರಿ ಕೊಡಲಿಕ್ಕೆ ಜೇವರ್ಗಿ ಕಡೆ ಹೋಗಿದ್ದರು. ಅಲ್ಲಿಂದ ಹೊರಟಿದ್ದೇನೆ ಅಂದಿದ್ದರು.

ನಾನು ಪ್ಯಾಂಟು ಮಡಿಚಿ ಇನ್ನೊಂದು ಟೊಂಗೆ ಮುರಿದುಕೊಂಡು ಇಳಿದೆ. ಬಡಿದೆ. ಅರವತ್ತೆರಡು ವರ್ಷದವನು ನೀರು ಬಡಿಯುವುದನ್ನು ಯಾರಾದರೂ ದೂರದಿಂದ ನೋಡಿದ್ದರೆ ನಕ್ಕಿರುತ್ತಿದ್ದರು.

ಮೀನು ನಮ್ಮ ಕಾಲ ಹತ್ತಿರವೇ ಬಂದವು. ಹೆದರಲಿಲ್ಲ. ಬಾಯಿ ತೆರೆದು ಮುಚ್ಚುತ್ತಿದ್ದವು. ಕೆಲವು ಗರ್ರನೆ ಸುತ್ತು ಹೊಡೆದು ಏರಿಗೆ ಬಡಿದುಕೊಂಡವು. ಒಂದು ದೊಡ್ಡ ಕಟ್ಲಾ ನನ್ನ ಮೊಣಕಾಲಿಗೆ ಒರಗಿತು. ಒರಗಿದ ಹಾಗೇ ಹೊಟ್ಟೆ ಮೇಲೆ ಮಾಡಿತು.

"ಸೂರ್ಯ ಬಂದ್ರ ಸುಧಾರಿಸ್ತಾವ ಅಂದಾರ್ರಿ ಮಾಸ್ತರ" ಅಂದಳು ಮಹಾನಂದಾ. ಟೊಂಗೆ ನಿಲ್ಲಿಸಲಿಲ್ಲ. "ಹತ್ತಕ್ಕ ತ್ರೀ ಫೇಸ್ ಬರ್ತದ. ಬೋರಿನ ನೀರು ಬಿಡ್ತೇನಿ. ಸುಧಾರಿಸ್ತಾವ."

ಒಂಬತ್ತಕ್ಕೆ ಮೋಡ ಹರಿದು ಬಿಸಿಲು ಬಂತು. ಮೀನು ಸುಧಾರಿಸಲಿಲ್ಲ. ಹತ್ತಕ್ಕೆ ಕರೆಂಟು ಬಂತು. ಬೋರಿನ ನೀರು ಬಿಟ್ಟರು. ಅಷ್ಟೊತ್ತಿಗೆ ಹೊಂಡದ ಅರ್ಧ ಬೆಳ್ಳಗಾಗಿತ್ತು. ಅವಳು ಇನ್ನೂ ಬಡಿಯುತ್ತಲೇ ಇದ್ದಳು. ಟೊಂಗೆಯ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿತ್ತು. ಸಿದ್ಧಾರಾಮ ಹೋಗಿ ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ಬಷೀರ್ ಮಾಸ್ತರರು ಬಂದಾಗ ಹನ್ನೊಂದು. ಬೈಕ್ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಕೆಡವಿದರು. ಏರಿಯ ಮೇಲೆ ನಿಂತು ನೋಡಿದರು. ಬಗ್ಗಿ ಒಂದು ಮೀನು ಎತ್ತಿ ಕಿವಿರು ತೆಗೆದು ನೋಡಿದರು. ಆಮೇಲೆ ದಂಡೆಗುಂಟ ನಡೆಯುತ್ತ ಹೋಗಿ ಹುಲ್ಲಿನಲ್ಲಿ ಏನೋ ಹುಡುಕಿದರು. ವಾಪಸ್ ಬರುವಾಗ ಅವರ ಅಂಗೈಯಲ್ಲಿ ಒಂದು ಸತ್ತ ಕಪ್ಪೆ ಇತ್ತು.

"ಹವಾ ಕಮ್ಮಿ ಆದ್ರ ಪೈಲಾ ದೊಡ್ಡವು ಹೋಗ್ತಾವ" ಅಂದರು. "ಸಣ್ಣವು ಜರಾ ತಡಿತಾವ. ಇಲ್ಲಿ ಆಗಸ್ಟದಾಗ ಬಿಟ್ಟ ಬೆರಳುದ್ದದ ಮರೀನೂ ಸತ್ತಾವ. ಮತ್ತ ಹವಾ ಕಮ್ಮಿ ಆದ್ರ ಕಪ್ಪಿ ಯಾಕ ಸಾಯ್ತಾವ? ಅವು ಹೊರಗ ಕುಂತು ಉಸುರು ಹಾಕ್ತಾವ."

 ಮಾಸ್ತರರು ಕಾಲುವೆಯ ಕಡೆ ನೋಡಿದರು. ಕಾಲುವೆಗುಂಟ ಕಣ್ಣು ಮೇಲೆ ಹೋಯಿತು. ಮೇಲೆ ತೊಗರಿ. ಹಳದಿ ಹೂವು ತುಂಬಿ ನಿಂತ, ನೋಡಿದರೆ ಕಣ್ಣು ತಂಪಾಗುವ ತೊಗರಿ.

"ಮ್ಯಾಲಿನ ಹೊಲ ಯಾರ್ದು?"

"ಸರ್‌ದೇ ರೀ" ಅಂದಳು ಮಹಾನಂದಾ.

ಮಾಸ್ತರರು ನನ್ನನ್ನು ನೋಡಿದರು. 

ಈಗ ನಿಮಗೆ ಬುಧವಾರದ ವಿಷಯ ಹೇಳಬೇಕು. ಬುಧವಾರ ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಶಿವಶರಣಪ್ಪ ಫೋನ್ ಮಾಡಿದ್ದರು. ಹೂವಿನಲ್ಲಿ ಕಾಯಿಕೊರಕದ ತತ್ತಿ ಕಾಣುತ್ತಿವೆ, ಊರಿಗೆ ಡ್ರೋನ್‌ನವರು ಬಂದಿದ್ದಾರೆ, ಎಲ್ಲರೂ ಔಷಧ ಹೊಡೆಸುತ್ತಿದ್ದಾರೆ ಅಂದರು. "ಆದ್ರ ಮೋಡ ಆಗ್ಯಾವ್ರಿ. ಎರಡು ದಿನ ತಡಿಲೇನ್ರಿ?" ಅಂತಲೂ ಕೇಳಿದರು.

ಡ್ರೋನ್‌ನವರು ನಾಳೆ ಮಾದನಹಿಪ್ಪರಗಾಕ್ಕೆ ಹೋಗುತ್ತಾರೆ, ಮತ್ತೆ ಯಾವಾಗ ಸಿಗುತ್ತಾರೋ ಅಂದುಕೊಂಡೆ. "ಹೊಡಸು ಮಾರಾಯ" ಅಂದೆ. ಫೋನ್ ಇಟ್ಟೆ. ಉಪ್ಪಿಟ್ಟು ಇನ್ನೂ ಬಿಸಿ ಇತ್ತು.

ಶುಕ್ರವಾರ ಮಧ್ಯಾಹ್ನ ಒಂದು ತಾಸು ಮಳೆ ಬಿರುಸಾಗಿ ಬಿತ್ತು. ನನ್ನ ಹೊಲದ ನೀರು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲವೇ? ಇತ್ತು. ಹೊಂಡ ತೋಡಿದ ದಿನದಿಂದ ಗೊತ್ತಿತ್ತು. ಬುಧವಾರ ಹೊಳೆಯಲಿಲ್ಲ, ಅಷ್ಟೇ. ಈ "ಅಷ್ಟೇ" ಅನ್ನುವ ಪದ ಎಷ್ಟು ಹಗುರ ನೋಡಿ.

ಮಹಾನಂದಾಳಿಗೆ ಯಾವುದೋ ಶಿಬಿರದಲ್ಲಿ ಕೊಟ್ಟ ಮೀನು ಸಾಕಣೆಯ ಒಂದು ಕಿರುಪುಸ್ತಕ ಇತ್ತು. ನನಗೂ ತೋರಿಸಿದ್ದಳು. ಅದರಲ್ಲಿ ಅಪಾಯಗಳ ಒಂದು ಪುಟ. ಹಾವು, ಹಕ್ಕಿ, ರೋಗ, ಬಿಸಿಲು, ನೆರೆ, ಕಳ್ಳತನ, ಎಲ್ಲ ಇದ್ದವು. ಪಕ್ಕದ ಹೊಲದವನು ಇರಲಿಲ್ಲ.

ಮಧ್ಯಾಹ್ನಕ್ಕೆ ಊರಿಗೆ ಸುದ್ದಿ ಹೋಯಿತು. ಚೀಲ, ಬುಟ್ಟಿ, ಬಕೆಟ್ ಹಿಡಿದು ಜನ ಬಂದರು. ಕೆಟ್ಟ ಜನ ಅಲ್ಲ. ಪುಕ್ಕಟೆ ಮೀನು ಯಾರಿಗೆ ಬೇಡ? ಹೇಗಿದ್ದರೂ ಮಣ್ಣಿಗೆ ಹೋಗುವುದು ತಾನೆ?

ಅಷ್ಟರಲ್ಲಿ ಅಫಜಲಪುರದ ವ್ಯಾಪಾರಿಯ ಫೋನೂ ಬಂತು. ಸಿದ್ಧಾರಾಮ ಸ್ಪೀಕರಿಗೆ ಹಾಕಿದ.

"ಈಗ ತಾಜಾ ಅವ ಅಲ್ಲಾ? ನಾ ಇವತ್ತೇ ಗಾಡಿ ಕಳಸ್ತೇನಿ. ಐಸಿನ್ಯಾಗ ಹಾಕಿದ್ರ ಯಾರಿಗೂ ಗೊತ್ತಾಗಂಗಿಲ್ಲ."

ಸಿದ್ಧಾರಾಮ ಹೆಂಡತಿಯ ಮುಖ ನೋಡಿದ. ಅವನ ಕಣ್ಣಲ್ಲಿ ಆಸೆ ಇತ್ತು. ನಾನು ಅವನನ್ನು ದೂರುವುದಿಲ್ಲ. ಮೂರು ವರ್ಷ ಅತ್ತೆ ಸೊಸೆಯ ನಡುವೆ ನಿಂತವನು ಅವನು.

ಮಹಾನಂದಾ ಫೋನ್ ಕಸಿದುಕೊಂಡಳು. "ಗಾಡಿ ಕಳಸ್ಬ್ಯಾಡ್ರಿ. ಇವು ಏನು ಕುಡಿದು ಸತ್ತಾವೋ ನನಗ ಗೊತ್ತಿಲ್ಲ. ತಿನ್ನೋರು ನಿಮ್ಮ ಮನಿಯವರಲ್ಲ, ನಮ್ಮ ಮನಿಯವರಲ್ಲ, ಆದ್ರೂ ಯಾರದೋ ಮನಿಯವರು."

ಇಟ್ಟುಬಿಟ್ಟಳು. ಆಮೇಲೆ ಒದ್ದೆ ಸೀರೆಯಲ್ಲೇ ಏರಿಯ ಮೇಲೆ ಹೋಗಿ ಕೈ ಚಾಚಿ ನಿಂತಳು.

"ಯಾರೂ ಒಯ್ಯಬ್ಯಾಡ್ರಿ. ಔಷಧ ಕುಡದಾವ ಅಂತಾರ. ಮನ್ಯಾಗ ಮಕ್ಕಳವ. ಕೈ ಮುಗೀತೇನಿ, ಯಾರೂ ಒಯ್ಯಬ್ಯಾಡ್ರಿ."

ಕೆಲವರು ನಿಂತರು. ಕೆಲವರು ಗೊಣಗಿದರು. ತಾನು ತಿನ್ನೋದಿಲ್ಲ, ತಿನ್ನೋರಿಗೂ ಬಿಡೋದಿಲ್ಲ ಅಂತ ಒಬ್ಬಾಕೆ ಅಂದಳು. ಮಹಾನಂದಾ ನನ್ನ ಕಡೆ ತಿರುಗಿದಳು.

"ಸರ್, ನೀವರ ಹೇಳ್ರಿ. ನಿಮ್ಮ ಮಾತು ಕೇಳ್ತಾರ."

ಹೌದು, ನನ್ನ ಮಾತು ಕೇಳುತ್ತಾರೆ. ಅಲ್ಲಿದ್ದ ಅರ್ಧ ಜನ ನನ್ನ ಕೈಯಲ್ಲಿ ಕಲಿತವರು. ನಾನು ಗಂಟಲು ಸರಿ ಮಾಡಿಕೊಂಡು, "ನೀರು ಕೆಟ್ಟದ ಅಂತ ಕಾಣ್ತದ. ಒಯ್ಯಬ್ಯಾಡ್ರಿ" ಅಂದೆ.

ನೀರು ಕೆಟ್ಟಿದೆ. ಯಾರು ಕೆಡಿಸಿದರು ಅಂತ ಹೇಳಲಿಲ್ಲ. ಇಷ್ಟು ವರ್ಷ ವಾರಕ್ಕೊಮ್ಮೆ ಊರಿನವರಿಗೆಲ್ಲ ಬುದ್ಧಿ ಹೇಳುತ್ತ ಬಂದ ಮನುಷ್ಯನಿಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಕರ್ತೃವೇ ಇಲ್ಲದ ಒಂದು ವಾಕ್ಯ.

ಜನ ಚದುರಿದರು. ಬಷೀರ್ ಮಾಸ್ತರರನ್ನು ನಾನು ಪಕ್ಕಕ್ಕೆ ಕರೆದು ಕೇಳಿದೆ, ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದಾ?

"ಆಗ್ತದ್ರಿ. ನೀರು, ಮೀನು ಐಸಿನ್ಯಾಗ ಇಟ್ಟು ದೊಡ್ಡ ಲ್ಯಾಬಿಗೆ ಒಯ್ಯಬೇಕು. ಹತ್ರ ಎಲ್ಲಿ ಅದ? ಅಲ್ಲಿ ಮುಟ್ಟೋದ್ರಾಗ ಮೀನೂ ಕೊಳಿತದ, ಪುರಾವಾನೂ ಕೊಳಿತದ." ಸ್ವಲ್ಪ ತಡೆದು ಅಂದರು, "ಮೂರು ದಿನ ಮೋಡನೂ ಇತ್ತು ಸರ್. ನೀರೂ ಹಸಿರಿತ್ತು, ಬಿಸಿಲಿಲ್ಲಂದ್ರ ಪಾಚಿ ಹವಾ ತಿಂತದ. ಹವಾನೂ ಕಮ್ಮಿ ಆಗಿರ್ಬಹುದು. ಎರಡೂ ಕೂಡಿ ಬಂದಾವ ಅನ್ರಿ. ಹಂಗ ಅನ್ಕೊಂಡ್ರ ನಿಮಗೂ ನಿದ್ದಿ ಬರ್ತದ."

ಒಳ್ಳೆಯ ಮನುಷ್ಯ. ತಪ್ಪಿಸಿಕೊಳ್ಳಲಿಕ್ಕೆ ನನಗೊಂದು ಬಾಗಿಲು ತೆರೆದು ಕೊಟ್ಟರು. ಕಪ್ಪೆ ಮಾತ್ರ ಇನ್ನೂ ಏರಿಯ ಮೇಲೇ ಬಿದ್ದಿತ್ತು.

ಸಂಜೆಗೆ ಜೆಸಿಬಿ ಬಂದು ಹೊಲದ ಮೂಲೆಯಲ್ಲಿ ಗುಂಡಿ ತೋಡಿತು. ಮೀನನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಮೇಲೆ ಸುಣ್ಣ. ಮಹಾನಂದಾ ಅಳಲಿಲ್ಲ. ಒಂದೊಂದು ಬುಟ್ಟಿ ಸುರಿದಾಗಲೂ ಕೆಳಗೆ ಇಣುಕುತ್ತಿದ್ದಳು, ಯಾವುದಾದರೂ ಒಂದು ಅಲುಗಾಡುತ್ತದೇನೋ ಅಂತ. ಕೆಲಸ ಮುಗಿದ ಮೇಲೆ ಬೋರಿನ ಹತ್ತಿರ ಹೋಗಿ ಸ್ನಾನ ಮಾಡಿದಳು. ಸೀರೆ ಬದಲಿಸಿದಳು. ಇನ್ನು ಯಾರಿಗಾಗಿ ಈ ನೇಮ ಅನ್ನಿಸಿತು ನನಗೆ.

ಆ ಮನೆಗೆ ನಾನು ಮತ್ತೆ ಹೋಗಿದ್ದು ಐದು ದಿನದ ಮೇಲೆ. ಐದು ದಿನ ಏನು ಮಾಡುತ್ತಿದ್ದೆ? ಹೇಳಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದೆ. ಹೇಳಿದರೆ ಸತ್ತ ಮೀನು ಎದ್ದು ಬರುತ್ತವೆಯೇ ಅಂತ ಒಂದು ಮನಸ್ಸು. (ಈ ವಾದವನ್ನು ಮಾಡುವ ಮನಸ್ಸು ಯಾವಾಗಲೂ ತಪ್ಪಿತಸ್ಥನದ್ದೇ ಆಗಿರುತ್ತದೆ, ಗಮನಿಸಿದ್ದೀರಾ?)

ಆದರೆ ಊರಿನ ಮಾತು ಕಿವಿಗೆ ಬಿತ್ತು. ಶಿವಶರಣಪ್ಪನೇ ಹೇಳಿದರು. ಲಿಂಗವಂತರ ಮನೆಯಲ್ಲಿ ಮೀನು ಸಾಕಿದರೆ ಇನ್ನೇನಾಗುತ್ತದೆ, ದೇವರು ಎರಡು ಸಲ ಹೇಳಿ ನೋಡಿದ, ಮೂರನೇ ಸಲ ಹೊಡೆದೇಬಿಟ್ಟ. ಎಲ್ಲರ ಬಾಯಲ್ಲೂ ಇದೇ ಅಂತೆ. ಮಳೆಗೆ ಉಕ್ಕಿ ಹೋದದ್ದೂ ದೇವರು, ಬಿಸಿಲಿಗೆ ಬತ್ತಿದ್ದೂ ದೇವರು, ಈಗ ಇದೂ ದೇವರು.

ನನ್ನ ತಪ್ಪನ್ನು ದೇವರು ಹೊತ್ತುಕೊಂಡಿದ್ದ. ಶಿಕ್ಷೆಯನ್ನು ಅವಳು.

ಗುರುವಾರ ಹೋದೆ. ಗುರುಬಾಯಮ್ಮ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಸಿದ್ಧಾರಾಮ ಬಾಗಿಲಿಗೆ ಒರಗಿ ನಿಂತಿದ್ದ. ಮಹಾನಂದಾ ಚಹಾ ತಂದಳು.

"ಬಂದ್ರೇನಪಾ ಮಾಸ್ತರ. ಕೂಡ್ರಿ" ಅಂದರು ಗುರುಬಾಯಮ್ಮ. "ಸೋಮವಾರ ಜೆಸಿಬಿ ಬರ್ತದ. ಹೊಂಡ ಮುಚ್ಚಿಸಾಕತ್ತೇವಿ. ಬರೋ ವರ್ಷ ಅಲ್ಲೂ ತೊಗರಿ ಹಾಕ್ತಾನ ಇಂವ."

ನಾನು ಚಹಾ ಕೆಳಗಿಟ್ಟೆ. "ಅಮ್ಮಾ, ಮೀನು ಸತ್ತದ್ದು ದೇವರಿಂದಲ್ಲ. ನನ್ನಿಂದ. ಬುಧವಾರ ನನ್ನ ತೊಗರಿಗೆ ಔಷಧ ಹೊಡಿಸಿದೆ. ಶುಕ್ರವಾರದ ಮಳಿಗೆ ಅದೆಲ್ಲ ಹೊಂಡಕ್ಕ ಬಂತು. ನಿಮ್ಮ ಸೊಸಿದು ಏನೂ ತಪ್ಪಿಲ್ಲ. ಊರವರ ಮುಂದೂ ಹೇಳ್ತೇನಿ. ಹೊಂಡ ಮುಚ್ಚಿಸಬ್ಯಾಡ್ರಿ."

 ದೊಡ್ಡ ಕೆಲಸ ಮಾಡಿದೆ ಅನ್ನಿಸಿತ್ತು. ಈಗ ಎಲ್ಲ ಸರಿಹೋಗುತ್ತದೆ ಅನ್ನಿಸಿತ್ತು.

ಗುರುಬಾಯಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದರು.

"ಔಷಧ ನೀವು ಹೊಡಿಸಿದ್ರಿ, ಖರೇ. ಅದನ್ನ ಹೊಂಡಕ್ಕ ತಂದ ಮಳಿ ಯಾರು ಕಳಿಸಿದ್ದು?"

ಏನು ಹೇಳುತ್ತೀರಿ ಇದಕ್ಕೆ? ನಲವತ್ತು ಮಕ್ಕಳ ಕ್ಲಾಸಿನಲ್ಲಿ ಮೂವತ್ತೈದು ವರ್ಷ ಪ್ರಶ್ನೆ ಕೇಳಿದವನು ನಾನು.  ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಗೆದ್ದ ಸಂತೋಷವೂ ಇರಲಿಲ್ಲ. ಸೊಸೆಯ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಕನಿಕರ ಇತ್ತು ಅಂತ ಆಣೆ ಮಾಡಿ ಹೇಳಬಲ್ಲೆ. ಆದರೂ ಸೋಮವಾರದ ಜೆಸಿಬಿ ಸೋಮವಾರವೇ ಬರುವುದಿತ್ತು.

ಮಹಾನಂದಾ ನನ್ನನ್ನು ಸ್ಕೂಟರಿನ ತನಕ ಬಿಡಲು ಬಂದಳು.

"ನನಗ ಅವತ್ತೇ ಗೊತ್ತಿತ್ರಿ ಸರ್. ಬಷೀರ್ ಮಾಸ್ತರ ನಿಮ್ಮ ಮಾರಿ ನೋಡಿದ್ರಲ್ಲ, ಆವಾಗೇ."

"ಮತ್ತೆ ಯಾಕವ್ವ ಏನೂ ಅನ್ನಲಿಲ್ಲ?"

 ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

"ಏನಂತ ಅನ್ಲಿ? ಅದೇ ಬುಧವಾರ ನಮ್ಮ ಕೆಳಗಿನ ಹೊಲಕ್ಕೂ ಅದೇ ಡ್ರೋನಿಂದ ಹೊಡ್ಸೇವ್ರಿ ನಾವು. ಅದು ಹೊಂಡಕ್ಕ ಬರಂಗಿಲ್ಲ, ಹಳ್ಳಕ್ಕ ಹೋಗ್ತದ. ಹಳ್ಳದಾಗೂ ಮೀನು ಇರ್ತಾವ. ಅವು ಸತ್ತಾವೇನು ಉಳದಾವೇನು, ನಾ ಹೋಗಿ ನೋಡ್ಲಿಲ್ಲ. ಅವು ಯಾರವೂ ಅಲ್ಲಲ್ಲ."

 ಹೊಂಡ ಮುಚ್ಚದ ಹಾಗೆ ಸಿದ್ಧಾರಾಮನ ಜೊತೆ ಇನ್ನೊಂದು ಸಲ ಮಾತಾಡುತ್ತೇನೆ, ನಿನಗೆ ಬೇಕಾದ ಮರಿ ನಾನೇ ತರಿಸುತ್ತೇನೆ, ಕಾಲುವೆಯನ್ನು ಬೇರೆ ಕಡೆ ತಿರುಗಿಸೋಣ ಅಂತ ಏನೇನೋ ಅಂದೆ.

"ಕಾಲುವಿ ತಿರುಗಿಸಿದ್ರ ಹೊಂಡಕ್ಕ ನೀರು ಎಲ್ಲಿಂದ ಬರ್ತದ್ರಿ?" ಅಂದಳು.

ಅದೂ ಹೌದು.

"ಮರಿ ಬ್ಯಾಡ್ರಿ ಸರ್. ಒಂದು ಕೇಳ್ತೇನಿ, ಖರೇ ಹೇಳ್ರಿ. ಬರೋ ವರ್ಷ ಕಾಯಿಕೊರಕ ಬಿದ್ರ, ನಿಮ್ಮ ತೊಗರಿಗೆ ಏನೂ ಹೊಡಿಸಂಗಿಲ್ಲ ಅಂತ ನನಗ ಮಾತು ಕೊಡ್ತೀರೇನು? ಕೊಟ್ರ ನಾ ಅತ್ತಿ ಕಾಲಿಗೆ ಬಿದ್ದರೂ ಹೊಂಡ ಉಳಿಸ್ಕೋತೇನಿ."

ನಾಲ್ಕೆಕರೆ ತೊಗರಿ. ಅದರಲ್ಲಿ ಅರ್ಧ ಶಿವಶರಣಪ್ಪನ ಪಾಲು, ಅವರ ಮನೆಯ ವರ್ಷದ ಅನ್ನ. ಔಷಧ ಬಿಟ್ಟರೆ ಹುಳು ಕಾಯಿ ಬಿಡುವುದಿಲ್ಲ. ಅವಳಿಗೂ ಇದು ಗೊತ್ತು. ಗೊತ್ತಿದ್ದೇ ಕೇಳಿದಳು. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.

ನೀವಾಗಿದ್ದರೆ ಮಾತು ಕೊಡುತ್ತಿದ್ದಿರಾ?